ರೇಸಪ್ಪನವರ ಅಪ್ರದಕ್ಷಿಣೆ

ತುಂಗಭದ್ರಾ ಅಣೆಕಟ್ಟಿನ ಪಕ್ಕದ ನಮ್ಮ ಟಿ.ಬಿ. ಡ್ಯಾಮ್ ಊರಿನಲ್ಲಿ ಕ್ರಿಕೆಟ್ ಹುಚ್ಚರು ಮನೆಗೊಬ್ಬರಿದ್ದಾರೆ. ಅವರಿಂದ ತಪ್ಪಿಸಿಕೊಳ್ಳುವುದು ಸುಲಭ. 'ಈಗಿನವರಿಗೆ ತಾಳ್ಮೆ ಇಲ್ಲ ಬಿಡ್ರಿ' ಅಂದರೆ ಸಾಕು, ಸಮಾಧಾನದಿಂದ ಮುಂದೆ ಹೋಗುತ್ತಾರೆ. ಕಾರ್ ರೇಸಿನ ಹುಚ್ಚ ಮಾತ್ರ ಊರಿಗೊಬ್ಬ. ಅವನ ಮಾತು ಕೇಳುವವನೂ ಊರಿಗೊಬ್ಬನೇ ಇರುತ್ತಾನೆ. ನಮ್ಮೂರಲ್ಲಿ ಆ ಪಾಳಿ ನನಗೆ ಬಂದಿದೆ.

ಹುಡುಗರು ಅವರಿಗಿಟ್ಟ ಹೆಸರು ರೇಸಪ್ಪ. ನಿವೃತ್ತ ಗುಮಾಸ್ತರು. ಓಡಿಸುವುದು ಟಿವಿಎಸ್ ಎಕ್ಸೆಲ್. ಅದರ ಮುಳ್ಳು ಮೂವತ್ತು ದಾಟಿದ್ದನ್ನು ಕಂಡವರಿಲ್ಲ. ರೋಡ್ ಹಂಪ್ ಇನ್ನೂ ಫರ್ಲಾಂಗು ದೂರವಿರುವಾಗಲೇ ಎರಡೂ ಕಾಲು ನೆಲಕ್ಕೆ ಬಿಡುತ್ತಾರೆ. ಆದರೆ ಫಾರ್ಮುಲಾ ಒನ್ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಎಲ್ಲಿ ಬ್ರೇಕ್ ಹಿಡಿಯಬಾರದಿತ್ತು ಎಂಬುದು ಅವರಿಗೆ ಖಚಿತವಾಗಿ ಗೊತ್ತು.

ಅವರ ಮೂಲಮಂತ್ರ ಒಂದೇ: ಫಾರ್ಮುಲಾ ಒನ್ ರೇಸಲ್ಲ, ಮೆರವಣಿಗೆ. ರೇಸೆಂದರೆ ಅಮೆರಿಕದ ನ್ಯಾಸ್ಕಾರ್. ಮನೆಮುಂದೆ ನಿಲ್ಲಿಸುವ ಕಾರಿನ ಹೋಲಿಕೆಯ ಮೂವತ್ತು ನಲವತ್ತು ಸ್ಟಾಕ್ ಕಾರುಗಳು ಒಂದಕ್ಕೊಂದು ಉಜ್ಜಿಕೊಂಡು, ದೂಡಿಕೊಂಡು ಸುತ್ತುವ ಆಟ. "ಎಫ್ ಒನ್‌ದಾಗ ಗಾಲಿ ಬಯಲಿಗಿರ್ತಾವ್ರಿ ಮೇಷ್ಟ್ರೇ. ಗಾಲಿಗೆ ಗಾಲಿ ತಾಗಿದ್ರ ಕಾರು ಗಾಳಿಯಾಗ! ಅದಕ್ಕ ಎಲ್ಲಾರೂ ಮಡಿ ಮಡಿ ಅಂತ ದೂರ ದೂರ ಓಡ್ತಾರ. ನಮ್ಮ ನ್ಯಾಸ್ಕಾರ್‌ದಾಗ ಮಡಿ ಮೈಲಿಗಿ ಇಲ್ಲ." ನನ್ನ ನೆಂಟರನ್ನು ಹಂಪಿಗೆ ಕರೆದೊಯ್ದಾಗಲೂ ಬಿಡಲಿಲ್ಲ. ವಿಜಯವಿಠ್ಠಲನ ಕಲ್ಲಿನ ರಥ ತೋರಿಸಿ, "ಇದೂ ಓಪನ್ ವೀಲ್. ಓವರ್‌ಟೇಕಿಂಗೂ ಎಫ್ ಒನ್‌ದಷ್ಟೇ" ಅಂದರು.

ನ್ಯಾಸ್ಕಾರ್‌ನ ಬಹುಪಾಲು ಟ್ರ್ಯಾಕುಗಳು ಅಂಡಾಕಾರ, ತಿರುವೆಲ್ಲ ಎಡಕ್ಕೇ. ಇದನ್ನು ಒಮ್ಮೆ ಬೆಂಡೆಕಾಯಿ ಹೆಚ್ಚುತ್ತ ನೋಡಿದ ಅವರ ಮನೆಯವರು ತೀರ್ಪು ಕೊಟ್ಟರು: "ಅಪ್ರದಕ್ಷಿಣೆ ಹಾಕಿದ್ರ ಡಿಕ್ಕಿ ಆಗದ ಇನ್ನೇನಾಗ್ತತಿ?" ಇದಕ್ಕೆ ರೇಸಪ್ಪನವರ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಉಳಿದದ್ದಕ್ಕೆಲ್ಲ ಇದೆ. 2021ರ ಅಬುಧಾಬಿ ಎಫ್ ಒನ್ ರೇಸಿನಲ್ಲಿ ಸೇಫ್ಟಿ ಕಾರು ಒಳಗೆ ಹೋಗಿ, ಕೊನೆಯ ಸುತ್ತಿನಲ್ಲಿ ಹೊಸ ಟೈರಿನ ವೆರ್‌ಸ್ಟಾಪನ್ ಹಳೇ ಟೈರಿನ ಹ್ಯಾಮಿಲ್ಟನ್ನನ್ನು ದಾಟಿ ಚಾಂಪಿಯನ್ ಆದಾಗ ಜಗತ್ತೇ ಬಡಿದಾಡಿತು. ಇವರು ಎಲೆಯಡಿಕೆ ಮೆಲ್ಲುತ್ತ, "ನ್ಯಾಸ್ಕಾರ್‌ದಾಗ ಹಳದಿ ಬಾವುಟ ಬೀಸಿ ವಾರವಾರಾನೂ ಹಿಂಗ ಎಲ್ಲಾರ್ನೂ ಒಟ್ಟು ಮಾಡಿ ಬಿಡ್ತಾರ. ಯಾರೂ ಅಳಾಂಗಿಲ್ಲ" ಅಂದರು. ಗ್ರೇಟರ್ ನೊಯ್ಡಾದಲ್ಲಿ 2011ರಿಂದ ಮೂರು ವರ್ಷ ನಡೆದ ಇಂಡಿಯನ್ ಗ್ರ್ಯಾನ್ ಪ್ರಿ ನಿಂತುಹೋದದ್ದಕ್ಕೂ ತೆರಿಗೆ ಗಿರಿಗೆ ಕಾರಣ ಅವರು ಒಪ್ಪುವುದಿಲ್ಲ. ಮೂರು ಸಲವೂ ವೆಟೆಲ್ಲೇ ಗೆದ್ದ, ಜನಕ್ಕೆ ಬೇಸರ ಬಂತು, ಅಷ್ಟೇ. ನರೇನ್ ಕಾರ್ತಿಕೇಯನ್ 2005ರಲ್ಲಿ ಎಫ್ ಒನ್ ಸೇರಿದ ಮೊದಲ ಭಾರತೀಯ ಎಂದು ನಾನಂದರೆ, 2010ರಲ್ಲಿ ಅವರು ನ್ಯಾಸ್ಕಾರ್‌ನ ಟ್ರಕ್ ರೇಸಿಗೆ ಹೋದರಲ್ಲ, ಬಡ್ತಿ ಸಿಕ್ಕಿದ್ದು ಆಗ ಎನ್ನುತ್ತಾರೆ.

ಮರೆಯಲಾಗದ್ದು ಸಂಡೂರಿನ ದಾರಿಯ ಪ್ರಸಂಗ. ಕುಮಾರಸ್ವಾಮಿ ದರ್ಶನಕ್ಕೆಂದು ನನ್ನ ಹಳೇ ಮಾರುತಿಯಲ್ಲಿ ಹೊರಟಿದ್ದೆವು. ತಿರುವಿಗೊಮ್ಮೆ, "ಏಪೆಕ್ಸ್ ತಪ್ಪಿಸಿದ್ರಿ ಮೇಷ್ಟ್ರೇ." ಮುಂದೆ ಅದಿರಿನ ಲಾರಿ ಸಿಕ್ಕರೆ, "ಅದರ ಬೆನ್ನಿಗೇ ಅಂಟ್ಕೊಳ್ರಿ, ಡ್ರಾಫ್ಟಿಂಗ್! ಗಾಳಿ ತಡೀತತಿ, ಪೆಟ್ರೋಲ್ ಉಳೀತತಿ." ಗಾಳಿ ತಡೆಯಿತೋ ಏನೋ, ಕೆಂಪು ಧೂಳಂತೂ ತಡೆಯಲಿಲ್ಲ. ಸ್ವಲ್ಪ ದೂರದಲ್ಲೇ ಹಿಂದಿನ ಟೈರು ಪಂಚರ್ ಆಯಿತು.

ನಾನು ಜಾಕಿ ತೆಗೆದೆ. ಅವರು ವಾಚು ನೋಡಿದರು.

ಮೊದಲ ನಟ್ಟು ಬಿಚ್ಚಲು ನಾನು ಪಾನಾದ ಮೇಲೆ ಹತ್ತಿ ನಿಂತು ಕುಣಿಯುತ್ತಿದ್ದಾಗ, "2023ರಾಗ ಕತಾರ್‌ದಾಗ ಮೆಕ್ಲಾರೆನ್‌ನವ್ರು ನಾಕೂ ಟೈರು 1.80 ಸೆಕೆಂಡಿನಾಗ ಬದ್ಲಿ ಮಾಡ್ಯಾರ" ಎಂದರು. ಅವರು ಎಫ್ ಒನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನನ್ನು ಹೀಯಾಳಿಸಲು ಶತ್ರುವಿನ ಸಾಲ ಪಡೆದಿದ್ದರು. ಎರಡನೇ ನಟ್ಟಿಗೆ ಅವರ ನಿಜವಾದ ದುಃಖ ಹೊರಬಿತ್ತು. ನ್ಯಾಸ್ಕಾರ್ ಗಾಲಿಗೆ ಐದು ನಟ್ಟಿರುತ್ತಿದ್ದವು. 2022ರಲ್ಲಿ ಹೊಸ ಮಾದರಿ ಕಾರು ತಂದು ನಡುವೆ ಒಂದೇ ನಟ್ಟು ಮಾಡಿಬಿಟ್ಟರು. "ಎಫ್ ಒನ್ ನೋಡಿ ಕಾಪಿ ಹೊಡೆದ್ರು. ಐದು ನಟ್ಟು ಬಿಚ್ಚೋದು ಒಂದು ವಿದ್ಯಾ ಇತ್ತು ಮೇಷ್ಟ್ರೇ, ಹೋತು!" ರಸ್ತೆಬದಿ ಮಂಡಿಯೂರಿ, ತುಕ್ಕು ಹಿಡಿದ ಮೂರನೇ ನಟ್ಟಿನ ಜೊತೆ ಸೆಣಸುತ್ತಿದ್ದ ನನಗೆ ಆ ಒಂಟಿ ನಟ್ಟಿನ ಪುಣ್ಯಾತ್ಮರ ಕಾಲಿಗೆ ಬೀಳಬೇಕೆನಿಸಿತ್ತು. ಸ್ಟೆಪ್ನಿ ಎತ್ತಲು ಒಂದು ಕೈ ಕೊಡಿ ಎಂದೆ. "ನಿಯಮದ ಪ್ರಕಾರ ಪಿಟ್ ಗೋಡೆ ಹಾರಿ ಬರೋರು ಐದೇ ಮಂದಿ" ಎಂದರು. ಅಲ್ಲಿ ಇದ್ದವನು ನಾನೊಬ್ಬನೇ.

ಇಷ್ಟಾದರೂ ಒಂದು ಮಾತಿಗೆ ಅವರನ್ನು ಮೆಚ್ಚಲೇಬೇಕು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಗಿ ಊರಿಗೂರೇ ನಿದ್ದೆಗೆಟ್ಟಿತ್ತು. ವಾರದೊಳಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಗೇಟಿನ ಬದಲಿಗೆ ಸ್ಟಾಪ್‌ಲಾಗ್ ಇಳಿಸಿದರು. ರೇಸಪ್ಪನವರ ಕಣ್ಣು ಒದ್ದೆಯಾಗಿತ್ತು. "ಗಾಡಿ ನಿಲ್ಲಿಸದ ಟೈರು ಬದ್ಲಿ ಮಾಡ್ಯಾರ ಮೇಷ್ಟ್ರೇ. ಮೆಕ್ಲಾರೆನ್‌ನವ್ರು ಬಂದು ಕಲೀಲಿ."

ನ್ಯಾಸ್ಕಾರ್ ಅವರಿಗೆ ಅಂಟಿದ್ದು ಮಗನ ಮನೆಯಲ್ಲಿ. ಮಗ ಇರುವುದು ಉತ್ತರ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ. ನ್ಯಾಸ್ಕಾರ್ ತಂಡಗಳು ಹೆಚ್ಚಾಗಿ ಬೀಡುಬಿಟ್ಟಿರುವುದು ಅದೇ ಸೀಮೆಯಲ್ಲಿ. ಮೇ ಕೊನೆಗೆ ಅಲ್ಲಿ 600 ಮೈಲಿಯ ರೇಸು, 400 ಸುತ್ತು. ಹೆಚ್ಚುಕಡಿಮೆ ಹೊಸಪೇಟೆಯಿಂದ ಬೆಂಗಳೂರಿಗೆ ಹೋಗಿ, ಬಂದು, ಮತ್ತೆ ಹೋದಷ್ಟು ದೂರ. ಅಪ್ಪ ಮಗ ಕೂಡಿ ನೋಡಿದ್ದರು. ಊರಿಗೆ ಮರಳಿದ ಮೇಲೆ ಭಾನುವಾರ ನಡುರಾತ್ರಿ ಎದ್ದು ಕೂರುವುದು ಶುರುವಾಯಿತು. ಬೇರೆ ದಿನ ಫೋನಿನಲ್ಲಿ ಬಿಪಿ ಮಾತ್ರೆ, ಇಲ್ಲಿಯ ಬಿಸಿಲು, ಅಲ್ಲಿಯ ಚಳಿ, ಇಷ್ಟಕ್ಕೇ ಮಾತು ಮುಗಿಯುತ್ತಿತ್ತು. ರೇಸಿನ ರಾತ್ರಿ ಮಾತ್ರ ಇಬ್ಬರೂ ಗಂಟೆಗಟ್ಟಲೆ ಜಗಳಾಡುತ್ತಿದ್ದರಂತೆ. ಈಗ ಮಗನಿಗೆ ಪುರುಸೊತ್ತಿಲ್ಲ. ಇವರು ಏಳುವುದು ಬಿಟ್ಟಿಲ್ಲ. ಇದನ್ನು ಅವರ ಮನೆಯವರು ಕಾಫಿ ಕೊಡುತ್ತ ಹೇಳಿದ ಮೇಲೆ, ಎಕ್ಸೆಲ್ ಸದ್ದಿಗೆ ಹಿತ್ತಲಿಗೆ ಓಡುವುದನ್ನು ನಾನು ಕಡಿಮೆ ಮಾಡಿದ್ದೇನೆ. ಪೂರ್ತಿ ಬಿಟ್ಟಿಲ್ಲ.

ಮೊನ್ನೆ ಬಂದವರು ಎಂದಿನಂತಿರಲಿಲ್ಲ. ಮೊಮ್ಮಗ ಬೆಳೆದಿದ್ದಾನೆ, ನೆಟ್‌ಫ್ಲಿಕ್ಸ್ ಸರಣಿ ನೋಡಿ ಎಷ್ಟೋ ಅಮೆರಿಕನ್ ಹುಡುಗರಂತೆ ಅವನಿಗೂ ಎಫ್ ಒನ್ ಹುಚ್ಚು ಹಿಡಿದಿದೆ. ತಾತನ ಜೊತೆ ವಿಡಿಯೋ ಕಾಲ್‌ನಲ್ಲಿ ಫೆರಾರಿ ಬಗ್ಗೆ ಮಾತಾಡಬೇಕಂತೆ.

"ಮೆರವಣಿಗೆ ಅಂದಿದ್ನಲ್ಲ ಮೇಷ್ಟ್ರೇ... ಮೆರವಣಿಗೆಯೊಳಗೂ ಸೂಕ್ಷ್ಮ ಅದಾವ" ಎಂದು ಗಂಟಲು ಸರಿಮಾಡಿಕೊಂಡರು. ಆಮೇಲೆ ಟೈರಿನ ಪಾಠ. ಕೆಂಪು ಪಟ್ಟಿಯದು ಮೆತ್ತಗಿನದು, ಬೇಗ ಓಡಿ ಬೇಗ ಸವೆಯುತ್ತದೆ. ಬಿಳಿಯದು ಗಟ್ಟಿ. ಹಳದಿ ನಡುವಿನದು. ಮಳೆಯಿಲ್ಲದ ರೇಸಿನಲ್ಲಿ ಎರಡು ಬಗೆಯನ್ನಾದರೂ ಹಾಕಲೇಬೇಕು. ಹೊರಡುವಾಗ ನನ್ನ ಮಾರುತಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ನಿಮ್ಮ ನಾಲ್ಕಕ್ಕೂ ಯಾವ ಪಟ್ಟಿ ಬಳಿದರೂ ಉಪಯೋಗವಿಲ್ಲ ಎಂದು ಹೇಳಿ ಹೋದರು.