ಮೊದಲು ಮಾಡು, ಆಮೇಲೆ ಗೋಡೆ

ಪಂಚಾಂಗ ತೋಡೋಕೆ ಆಳು ಹುಡುಕ್ತಿದೀರಂತೆ, ಭಾವ? ಸ್ವಲ್ಪ ತಡೀರಿ. ಹಾರೆ, ಗುದ್ದಲಿ, ದೋಟಿ, ಸೌದೆ ಇಡೋ 10 ಅಡಿ ಅಗಲ, 15 ಅಡಿ ಉದ್ದದ ಕೊಟ್ಟಿಗೆಗೆ ಪಂಚಾಂಗದಿಂದಲೇ ಶುರು ಮಾಡಬೇಕು ಅಂತ ಏನಿಲ್ಲ. ನನ್ನನ್ನ ಕೇಳಿದರೆ ಮೊದಲು ಮಾಡು ಏರಿಸಿ. ಮೂಲೆಗೊಂದು ಕಂಬ, ಉದ್ದದ ಎರಡು ಮಗ್ಗುಲಿಗೆ ನಡುವೆ ಒಂದೊಂದು. ಮೇಲೆ ತೊಲೆ ಕೂರಿಸಿ, ಪಕಾಸಿ ಇಟ್ಟು, ರೀಪು ಹೊಡೆದು ಹೆಂಚು ಹೊದೆಸಿಬಿಡಿ. ನೆಲ, ಗೋಡೆ, ಬಾಗಿಲು ಎಲ್ಲ ಆಮೇಲೆ. ನಮ್ಮ ಕೊಟ್ಟಿಗೆ ಎದ್ದದ್ದು ಹಾಗೇ, ನೀವೇ ನೋಡಿದೀರಲ್ಲ.

ನಮ್ಮ ಮಲೆನಾಡಿನ ಕಾಲಮಾನ ನೋಡಿ. ಅಡಕೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ಮುಗಿದು ಆಳುಗಳ ಕೈ ಬಿಡುವಾಗೋ ಹೊತ್ತಿಗೆ ಬೇಸಿಗೆ ಅರ್ಧ ಕಳೆದಿರುತ್ತೆ. ಜೂನ್ ಶುರುವಾಯ್ತೋ, ಮುಂಗಾರು ಬಂತು. ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತೆ. ಅಷ್ಟರೊಳಗೆ ಪಂಚಾಂಗ, ಗೋಡೆ ಅಂತ ಹೊರಟರೆ ಮೇ ಕೊನೆಗೆ ಗೋಡೆ ಎದೆಮಟ್ಟಕ್ಕೆ ಬಂದು ನಿಂತಿರುತ್ತೆ, ಮೇಲೆ ಆಕಾಶ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಜಂಬಿಟ್ಟಿಗೆ ಗೋಡೆ ಬರಿಮೈಯಲ್ಲಿ ಒಂದು ಮಳೆಗಾಲ ಕಳೆದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅದೇ ಮಾಡು ಮೊದಲು ಎದ್ದರೆ, ಹೊರಗೆ ಎಷ್ಟು ಬೇಕಾದರೂ ಹೊಯ್ಯಲಿ, ಒಳಗೆ ಕೂತು ನಿಧಾನಕ್ಕೆ ಕೆಲಸ ಸಾಗಿಸಬಹುದು. ಜಪಾನಿನ ಬಡಗಿಗಳ ಹಳೇ ಪದ್ಧತಿಯೂ ಇದೇ. ಮರದ ಚೌಕಟ್ಟು ನಿಲ್ಲಿಸಿ, ನೆತ್ತಿಯ ತೊಲೆ ಏರಿದ ದಿನ ಪೂಜೆ ಮಾಡಿ, ಮಾಡು ಹೊದೆಸಿ, ಅದರ ಕೆಳಗೆ ಬಿದಿರಿನ ಹಂದರಕ್ಕೆ ಮಣ್ಣು ಮೆತ್ತಿ ಗೋಡೆ ಮಾಡೋದು. ಅವರದ್ದೂ ಮಳೆಯ ದೇಶವೇ ತಾನೆ.

ಬುಡದಿಂದಲೇ ಮೇಲೇರಬೇಕು ಅನ್ನೋದು ಶಾಸ್ತ್ರ ಅಂತೀರಾ? ಎಲ್ಲೋರದ ಕೈಲಾಸನಾಥವನ್ನು ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ 8ನೇ ಶತಮಾನದಲ್ಲಿ ಕೊರೆಸಿದ್ದು ಶಿಖರದಿಂದ ಕೆಳಕ್ಕೆ. ಕೆಲಸದವರಿಗೆ ನಿಲ್ಲೋಕೆ ಕಾಲಡಿಯ ಬಂಡೆಯೇ ಇತ್ತು, ಅಟ್ಟಣಿಗೆಯ ಹಂಗೇ ಬೇಕಾಗಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ಅಡಕೆ ಚಪ್ಪರಕ್ಕೆ ಯಾರಾದರೂ ಗೋಡೆ ಕಟ್ಟಿದ್ದುಂಟಾ?

ಭಾರ ಹೊರೋದು ಕಂಬ, ಗೋಡೆ ಬರೀ ಮರೆ. ಹಾಗಾಗಿ ಬುಡದ ಕೆಲಸವೆಲ್ಲ ಕಂಬದ ಕೆಳಗೇ ಆಗಬೇಕು, ಅಲ್ಲಿ ಮಾತ್ರ ಜುಗ್ಗತನ ಮಾಡಬೇಡಿ. ಗಟ್ಟಿ ಮಣ್ಣು ಸಿಗೋವರೆಗೆ ಗುಳಿ ತೋಡಿ, ಕಲ್ಲು ಕೂರಿಸಿ. ಕಲ್ಲು ನೆಲದಿಂದ ಒಂದು ಗೇಣಾದರೂ ಮೇಲೆ ಬರಲಿ. ಮರದ ಕಂಬ ಅದರ ಮೇಲೆ, ನಡುವೆ ಕಬ್ಬಿಣದ ಗೂಟ. ಮರವನ್ನು ಮಣ್ಣಿಗೇ ಹೂಳಿದರೆ ಬುಡ ಕುಂಬಾಗುತ್ತೆ, ಒರಲೆಗೂ ದಾರಿ ಕೊಟ್ಟ ಹಾಗೆ. ಕಂಬದ ಬುಡಕ್ಕೆ ಗೇರೆಣ್ಣೆ ಬಳಿಯೋದನ್ನ ಮರೀಬೇಡಿ. ಇನ್ನೊಂದು ಮಾತು. ಗೋಡೆ ಇಲ್ಲದ ಮಾಡು ಗಾಳಿಗೆ ಓಲಾಡುತ್ತೆ. ಕಂಬಕ್ಕೂ ತೊಲೆಗೂ ಓರೆಪಟ್ಟಿ ಹೊಡೀದೆ ಹೆಂಚು ಏರಿಸಲೇಬೇಡಿ.

ಹೆಂಚಿಗೆ ಹೊಸದೇ ಬೇಕು ಅಂತಿಲ್ಲ. ತಾರಸಿ ಹಾಕಿಸೋಕೆ ಹಳೇ ಮನೆ ಬಿಚ್ಚೋರು ಮಾರ್ತಾರೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದ ಹೆಂಚು ಇದು, ಒಂದರ ಕಿವಿ ಇನ್ನೊಂದಕ್ಕೆ ಕಚ್ಚಿ ಕೂರುತ್ತೆ. ಕೊಳ್ಳುವಾಗ ಒಂದೊಂದನ್ನೂ ಬೆರಳಿನ ಗೆಣ್ಣಿಂದ ತಟ್ಟಿ. ಠಣ್ ಅಂದರೆ ಒಳ್ಳೇದು, ಮಂಕಾಗಿ ಸದ್ದು ಬಂದರೆ ಎಲ್ಲೋ ಬಿರುಕಿದೆ, ಪಕ್ಕಕ್ಕಿಡಿ.

ಇನ್ನು ನಿಜವಾದ ಲಾಭ. ಮಾಡು ಒಂದೇ ಇಟ್ಟುಕೊಂಡು ಒಂದು ಮಳೆಗಾಲ ಕಳೀರಿ. ಉಳಿದದ್ದನ್ನೆಲ್ಲ ಮಳೆಯೇ ಹೇಳಿಕೊಡುತ್ತೆ. ಸೂರಿನ ನೀರು ಬಿದ್ದ ಕಡೆ ನೆಲದಲ್ಲಿ ಗೆರೆ ಎಳೆದ ಹಾಗೆ ಗುಳಿಗುಳಿ ಬೀಳುತ್ತೆ, ಕಾಲುವೆ ಅಲ್ಲೇ ತೆಗೀಬೇಕು. ಧರೆಯಿಂದ ಇಳಿದ ನೀರು ಯಾವ ಮೂಲೆಯಿಂದ ನುಗ್ಗುತ್ತೆ, ಎಷ್ಟು ಎತ್ತರ ನಿಲ್ಲುತ್ತೆ ಅಂತ ಕಂಬದ ಕಲ್ಲಿನ ಮೇಲೆ ಕೆಸರಿನ ಗುರುತು ಉಳಿದಿರುತ್ತೆ. ನೆಲವನ್ನ ಅದಕ್ಕಿಂತ ನಾಲ್ಕು ಬೆರಳು ಮೇಲೆ ತಂದರಾಯ್ತು. ಇರಚಲು ಎಲ್ಲಿವರೆಗೆ ಹೊಡೆಯುತ್ತೆ ಅನ್ನೋದೂ ಹಾಗೇ. ನಮ್ಮಲ್ಲಿ ಪಡುವಣ ಮಗ್ಗುಲು ಅರ್ಧಕ್ಕರ್ಧ ತೊಯ್ದು ಹೋಗ್ತಿತ್ತು, ಮೂಡಣ ಮಗ್ಗುಲಲ್ಲಿ ಧೂಳು ಧೂಳಾಗೇ ಇತ್ತು. ಅದಕ್ಕೇ ಪಡುವಣಕ್ಕೆ ತೊಲೆವರೆಗೂ ಜಂಬಿಟ್ಟಿಗೆ ಏರಿಸಿದೆ. ಮೂಡಣಕ್ಕೆ ಗೋಡೆಯೇ ಇಲ್ಲ, ಬರೀ ಅಡಕೆ ದಬ್ಬೆ. ಸೌದೆ ಅಲ್ಲಿ ಗಾಳಿಯಾಡಿ ಎಷ್ಟು ಚೆನ್ನಾಗಿ ಒಣಗುತ್ತೆ ಗೊತ್ತಾ? ನಾಲ್ಕೂ ಕಡೆ ಮುಚ್ಚಿಬಿಟ್ಟಿದ್ದರೆ ಬೂಸ್ಟು ಹಿಡೀತಿತ್ತು. ಮೊದಲ ಮಳೆಗಾಲಕ್ಕೆ ಪಡುವಣ ಕಡೆ ಸೋಗೆಯ ಜಡಿತಟ್ಟಿ ಕಟ್ಟಿಕೊಂಡರೆ ಸಾಮಾನೂ ನೆನೆಯೋದಿಲ್ಲ. ಆದರೆ ಒಂದೆರಡು ಜೋರು ಮಳೆ ಹೊಡೆದ ಮೇಲೇ ಕಟ್ಟಿ, ಇರಚಲಿನ ಗುರುತು ಸಿಗಬೇಕಲ್ಲ.

ಸಾಮಾನನ್ನೂ ಗೋಡೆಗಿಂತ ಮೊದಲೇ ಒಳಗಿಡಿ. ಅಡಕೆ ಸುಲಿಯೋ ಯಂತ್ರ, ಔಷಧಿ ಹೊಡೆಯೋಕೆ ಮೈಲುತುತ್ತ ಸುಣ್ಣ ಕಲಸೋ ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಉದ್ದುದ್ದ ದೋಟಿ, ಇವೆಲ್ಲ ಎಲ್ಲಿ ಕೂತರೆ ಕೈಗೆ ಸಲೀಸು ಅಂತ ಆಚೀಚೆ ಮಾಡಿ ನೋಡಿ. ಅವುಗಳ ಜಾಗ ಗೊತ್ತಾದ ಮೇಲೆ ಬಾಗಿಲು ಎಲ್ಲಿ, ಎಷ್ಟಗಲ ಅನ್ನೋದು ತಾನೇ ಗೊತ್ತಾಗುತ್ತೆ. ಬಾಗಿಲೂ ಅಷ್ಟೆ. ಹಳೇ ಮನೆಯದ್ದೊಂದು ದಾರಂದ ಮೊದಲು ತಂದು ನಿಲ್ಲಿಸಿ, ಗೋಡೆಯನ್ನ ಅದರ ಅಳತೆಗೆ ತಂದು ಸೇರಿಸಿ. ಗೋಡೆಗೆ ಅಡಿಗಲ್ಲು ಬೇಕು, ನಿಜ. ಆದರೆ ಅದು ತನ್ನ ಭಾರ ತಾನು ಹೊತ್ತರೆ ಸಾಕಲ್ಲ, ಕಂಬದ ನಡುವೆ ಒಂದಡಿ ಅಗೆದು ಕಲ್ಲು ಜೋಡಿಸಿದರೆ ಆಯ್ತು.

ಹೆಂಚಿನ ಬದಲು ನೀವು ಶೀಟೇ ಹೊದೆಸ್ತೀರಿ ಅಂತಾದರೆ ಮೂಡಣ ತುದಿಯಿಂದ ಶುರು ಮಾಡಿ ಪಡುವಣಕ್ಕೆ ಬನ್ನಿ. ಆಗ ಒಂದರ ಮೇಲೊಂದು ಕೂತ ಅಂಚು ಮಳೆಗಾಳಿಗೆ ಬಾಯಿ ತೆರೆದಿರೋದಿಲ್ಲ. ಬೋಲ್ಟನ್ನ ಅಲೆಯ ಉಬ್ಬಿಗೇ ಹಾಕಿಸಿ, ತಗ್ಗಿಗೆ ಹಾಕಿದರೆ ನೀರು ಹರಿಯೋ ಜಾಗದಲ್ಲೇ ತೂತು ಬಿದ್ದ ಹಾಗೆ.

ಆಳಿಗೆ ಬೇರೆ ಯಾಕೆ ಹುಡುಕಾಟ? ನಾವು ತೊಲೆ ಎತ್ತುವಾಗ ನೀವು ಬಂದಿದ್ದ ಮುಯ್ಯಿ ಹಾಗೇ ಉಳಿದಿದೆ. ಗುಳಿ ತೋಡೋ ದಿನ ಹೇಳಿ, ನಾನೂ ಮಗನೂ ಹಾರೆ ಹಿಡಕೊಂಡು ಬರ್ತೇವೆ.