ಕುದುರೆ ಪೊಲೀಸರು ದಸರೆಗಷ್ಟೇನಾ?

"ಅಲ್ಲಮ್ಮಾ, ವರ್ಷಕ್ಕೊಂದು ಮೆರವಣಿಗೆಗೋಸ್ಕರ ಪೊಲೀಸರು ಇಷ್ಟೊಂದು ಕುದುರೆ ಸಾಕಬೇಕಾ?" ಅಂತ ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಕೇಳಿದರು. ಅವರ ಕೈಯಲ್ಲಿದ್ದ ಪೇಪರಿನಲ್ಲಿ ದಸರೆ ಕುಶಾಲತೋಪಿನ ತಾಲೀಮಿನ ಫೋಟೊ ಇತ್ತು. ನಾನು ದಾಸವಾಳಕ್ಕೆ ನೀರು ಹಾಕೋದನ್ನು ಬಿಟ್ಟು, "ಮೇಷ್ಟ್ರೇ, ಆ ಕುದುರೆಗಳಿಗೆ ವರ್ಷಪೂರ್ತಿ ಗಸ್ತಿನ ಕೆಲಸ ಇರಲಿ ಅನ್ನೋದೇ ನನ್ನ ಆಸೆ" ಅಂದೆ. ಅಲ್ಲಿಂದ ಹಿಡಿದ ಮಾತು ಕಾಫಿ ಆರಿ ತಣ್ಣಗಾದರೂ ಮುಗಿಯಲಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಆ ತಾಲೀಮಿನ ವಿಷಯ. ಜಂಬೂಸವಾರಿಯ ದಿನ ರಾಷ್ಟ್ರಗೀತೆಗೆ ಸರಿಯಾಗಿ ಇಪ್ಪತ್ತೊಂದು ಕುಶಾಲತೋಪು ಹಾರಬೇಕು. ಆ ಸದ್ದಿಗೆ ಆನೆ, ಕುದುರೆ ಬೆದರಿದರೆ ಜನರ ಮಧ್ಯೆ ಅನಾಹುತವೇ ಆಗುತ್ತದೆ. ಅದಕ್ಕೇ ವಾರಗಳ ಮುಂಚೆಯೇ ಸಾಲಾಗಿ ಫಿರಂಗಿ ಜೋಡಿಸಿ, ದಸರೆ ಆನೆಗಳನ್ನೂ ಅಶ್ವಾರೋಹಿ ದಳದ ಕುದುರೆಗಳನ್ನೂ ತಂದು ನಿಲ್ಲಿಸಿ ಸಿಡಿಮದ್ದಿನ ಸದ್ದು ರೂಢಿ ಮಾಡಿಸುತ್ತಾರೆ. ಸಶಸ್ತ್ರ ಮೀಸಲು ಪಡೆಯವರು ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ನಳಿಕೆಯ ಒಳಗನ್ನು ಒರೆಸಿ, ಮದ್ದು ತುಂಬಿ, ಬತ್ತಿಗೆ ಬೆಂಕಿ ಮುಟ್ಟಿಸಿದರೋ ಇಲ್ಲವೋ ನೆಲವೇ ಅದುರುತ್ತದೆ. ಎಲ್ಲರ ಕಣ್ಣೂ ಆನೆಗಳ ಮೇಲೇ ಇರುತ್ತದೆ. ನೀವು ಮಾತ್ರ ಕುದುರೆಗಳನ್ನು ನೋಡಿ. ಮೊದಲ ಸದ್ದಿಗೆ ಕಿವಿ ಎರಡೂ ಹಿಂದಕ್ಕೆ ಒರಗುತ್ತವೆ, ಮೂಗಿನ ಹೊಳ್ಳೆ ಅರಳುತ್ತದೆ, ಹಿಂಗಾಲು ನೆಲ ಹುಡುಕುತ್ತದೆ. ಸವಾರ ಲಗಾಮನ್ನು ಜಗ್ಗುವುದಿಲ್ಲ. ಒಂದು ಕೈಯನ್ನು ಅದರ ಕುತ್ತಿಗೆ ಮೇಲಿಟ್ಟು ತಟ್ಟುತ್ತಾ, ಏನೋ ಮೆಲ್ಲಗೆ ಹೇಳುತ್ತಿರುತ್ತಾನೆ. ಕೊನೆಯ ಸುತ್ತಿನ ಹೊತ್ತಿಗೆ ಅದೇ ಕುದುರೆ ಹೊಗೆಯ ನಡುವೆ ನಿಂತು ಬಾಲದಿಂದ ನೊಣ ಓಡಿಸುತ್ತಿರುತ್ತದೆ. ಬೆದರುವುದೇ ಹುಟ್ಟುಗುಣವಾಗಿರುವ ಪ್ರಾಣಿ ಅದು. ಅದನ್ನು ಜನಜಂಗುಳಿಯಲ್ಲಿ ಅಲುಗಾಡದೆ ನಿಲ್ಲುವಂತೆ ಮಾಡುವುದು ಸಣ್ಣ ವಿದ್ಯೆಯಲ್ಲ. ಈ ವಿದ್ಯೆ ಬಲ್ಲವರು ನಮ್ಮ ಮೈಸೂರಿನಲ್ಲೇ ಇದ್ದಾರೆ ಅನ್ನುವುದು ನನಗೆ ಹೆಮ್ಮೆ.

ಇದು ನಿನ್ನೆ ಮೊನ್ನೆ ಬಂದ ವಿದ್ಯೆಯೂ ಅಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಮಷೀನ್‌ಗನ್ನುಗಳ ಎದುರೇ ಕುದುರೆ ಓಡಿಸಿ ಗೆದ್ದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಪಾಲಿನದು. ಸಂಸ್ಥಾನದ ಆ ಕುದುರೆ ಸವಾರಿಯ ಪರಂಪರೆ ಇವತ್ತಿಗೂ ಖಾಕಿ ತೊಟ್ಟು ಉಳಿದಿರುವುದು ಮೈಸೂರಿನ ಸಶಸ್ತ್ರ ಮೀಸಲು ಪೊಲೀಸರ ಅಶ್ವಾರೋಹಿ ದಳವಾದ ಕೆಎಆರ್‌ಪಿ ಮೌಂಟೆಡ್ ಕಂಪನಿಯಲ್ಲಿ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ನಾಗಾಲೋಟದಲ್ಲಿ ಬಂದು ನೆಲದ ಗೂಟವನ್ನು ಭರ್ಜಿಯಿಂದ ಎತ್ತಿ ಒಯ್ಯುವವರು ಇವರೇ. ಆ ಆಟಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಬಂದು, ಮರುದಿನ "ಇವರಿಂದ ಏನು ಉಪಯೋಗ" ಅಂತ ಕೇಳಿದರೆ ನನಗೆ ಬೇಜಾರಾಗುತ್ತದೆ.

ಮೇಷ್ಟ್ರು ಬಿಡಲಿಲ್ಲ. "ಕಳ್ಳ ಬೈಕಲ್ಲಿ ಬಂದು ಸರ ಎಗರಿಸ್ಕೊಂಡು ಹೋಗ್ತಾನೆ. ಕುದುರೆ ಅವನನ್ನ ಅಟ್ಟಿಸಿಕೊಂಡು ಹೋಗುತ್ತಾ?"

ಹೋಗುವುದಿಲ್ಲ, ಹೋಗಲೂಬಾರದು. ಆ ಕೆಲಸಕ್ಕೆ ಹೊಯ್ಸಳ ಜೀಪಿದೆ, ಚೀತಾ ಬೈಕಿದೆ. ಆದರೆ ಗಸ್ತು ಅಂದರೆ ಅಟ್ಟಿಸಿಕೊಂಡು ಹೋಗುವುದು ಅಂತ ನಾವು ತಿಳಿದುಕೊಂಡಿರುವುದೇ ತಪ್ಪು. ಕಳ್ಳ ಕೈಚಾಚುವ ಮುಂಚೆಯೇ ಅಲ್ಲೊಬ್ಬರು ಕಾಣಿಸಿದರೆ ಅದು ಗಸ್ತು. ಹೆಂಗಸೊಬ್ಬಳು ನಿಂತು, "ಸಾರ್, ಆ ತಿರುವಿನಲ್ಲಿ ದೀಪ ಉರೀತಾ ಇಲ್ಲ" ಅಂತ ಹೇಳುವಷ್ಟು ಹತ್ತಿರದಲ್ಲಿ ಒಬ್ಬರು ಸಿಕ್ಕರೆ ಅದು ಗಸ್ತು. ಗಾಜು ಏರಿಸಿಕೊಂಡು, ಎ.ಸಿ. ಹಾಕಿಕೊಂಡು, ಕೆಂಪು ನೀಲಿ ದೀಪ ಮಿನುಗಿಸುತ್ತಾ ಹೋಗುವ ಗಾಡಿಯನ್ನು ನಿಲ್ಲಿಸಿ ನಮ್ಮಂಥವರು ಯಾರು ಮಾತಾಡಿಸುತ್ತಾರೆ?

ನನ್ನ ಈ ಮಾತಿಗೆ ಆಧಾರವೂ ಇದೆ. 1972ರಿಂದ 73ರವರೆಗೆ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಪೊಲೀಸರೇ ಒಂದು ಪರೀಕ್ಷೆ ಮಾಡಿದರು. ಹದಿನೈದು ಬೀಟುಗಳನ್ನು ಮೂರು ಪಾಲು ಮಾಡಿ, ಒಂದರಲ್ಲಿ ಕಾರಿನ ಗಸ್ತನ್ನೇ ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋದರು. ಇನ್ನೊಂದರಲ್ಲಿ ಮಾಮೂಲಿನಂತೆ ಬಿಟ್ಟರು. ಮತ್ತೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು. ಅಪರಾಧ ಹೆಚ್ಚಲೂ ಇಲ್ಲ, ಇಳಿಯಲೂ ಇಲ್ಲ. ಜನರ ಭಯದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ನ್ಯೂಜೆರ್ಸಿಯ ನೆವಾರ್ಕಿನಲ್ಲಿ ಕಾಲ್ನಡಿಗೆಯ ಗಸ್ತನ್ನು ಹೀಗೇ ಪರೀಕ್ಷಿಸಿದರು. 1981ರಲ್ಲಿ ವರದಿ ಬಂತು. ಅಲ್ಲಿಯೂ ಅಪರಾಧ ಅಷ್ಟೇನೂ ಇಳಿದಿರಲಿಲ್ಲ, ಆದರೆ ಜನರ ಭಯ ಇಳಿದಿತ್ತು. ಪೊಲೀಸರ ಬಗ್ಗೆ ಒಳ್ಳೆ ಅಭಿಪ್ರಾಯ ಬಂದಿತ್ತು. ಭಯ ಕಡಿಮೆಯಾಗುವುದೆಂದರೆ ನನ್ನ ಲೆಕ್ಕದಲ್ಲಿ ಸಣ್ಣ ಲಾಭವಲ್ಲ. ಭಯ ಹೋದ ಬೀದಿಯಲ್ಲಿ ಏಳು ಗಂಟೆ ಮೇಲೂ ಹೆಂಗಸರು, ಮುದುಕರು ಓಡಾಡುತ್ತಾರೆ. ಓಡಾಟ ಇರುವ ಬೀದಿಗೆ ಕಳ್ಳನ ಕಾಲು ಸುಲಭಕ್ಕೆ ಬರುವುದಿಲ್ಲ.

ಇನ್ನು ಕುದುರೆ. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ರ‍್ಯಾಂಡ್ ಯುರೋಪ್ ಸಂಸ್ಥೆಯವರು ಸೇರಿ ಅಶ್ವಾರೋಹಿ ಪೊಲೀಸರ ಕೆಲಸವನ್ನು ಅಧ್ಯಯನ ಮಾಡಿ 2014ರಲ್ಲಿ ವರದಿ ಕೊಟ್ಟರು. ನಡೆದು ಹೋಗುವ ಪೊಲೀಸರಿಗಿಂತ ಕುದುರೆ ಮೇಲಿನವರನ್ನು ಜನ ತಾವಾಗಿ ಮಾತಾಡಿಸುವುದು ಸುಮಾರು ಆರು ಪಟ್ಟು ಜಾಸ್ತಿ ಅಂತ ಅದರಲ್ಲಿದೆ. ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಕುದುರೆ ಬಂದರೆ ಮಕ್ಕಳು ಓಡಿ ಬರುತ್ತಾರೆ, ಮಕ್ಕಳ ಹಿಂದೆ ತಾಯಂದಿರು ಬರುತ್ತಾರೆ. "ಇದರ ಹೆಸರೇನು? ಏನು ತಿನ್ನುತ್ತೆ?" ಅಂತ ಶುರುವಾಗುತ್ತದೆ. ಹುರುಳಿ, ಬೂಸಾ, ಹುಲ್ಲು ಅಂತ ಸವಾರ ಹೇಳುವಷ್ಟರಲ್ಲಿ ಮಾತು ಬೀದಿಯ ವಿಚಾರಕ್ಕೆ ತಿರುಗಿರುತ್ತದೆ. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವವರು ಕುದುರೆಯ ಪಕ್ಕದಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿಬಿಡುತ್ತಾರೆ. ಜೊತೆಗೆ ಸವಾರನ ಕಣ್ಣು ಜನರ ತಲೆಗಳಿಗಿಂತ ಎಷ್ಟೋ ಮೇಲಿರುತ್ತದೆ. ಜಾತ್ರೆಯಲ್ಲಿ ನೂಕುನುಗ್ಗಲು ಎಲ್ಲಿ ಶುರುವಾಗುತ್ತಿದೆ ಅನ್ನುವುದು ನೆಲದ ಮೇಲೆ ನಿಂತ ಹತ್ತು ಜನಕ್ಕೆ ಕಾಣದ್ದು ಅವನೊಬ್ಬನಿಗೆ ಕಾಣುತ್ತದೆ. ದೂರದಿಂದ ಜನಕ್ಕೂ ಅವನು ಕಾಣುತ್ತಾನೆ.

ಇದಕ್ಕೆ ಉದಾಹರಣೆಯಾಗಿ 1923ರ ಏಪ್ರಿಲ್ 28ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆದದ್ದನ್ನು ಮೇಷ್ಟ್ರಿಗೆ ಹೇಳಿದೆ. ಹೊಸ ಮೈದಾನ, ಮೊದಲ ಫುಟ್‌ಬಾಲ್ ಫೈನಲ್. ಹಿಡಿಸುತ್ತಿದ್ದದ್ದು ಒಂದೂಕಾಲು ಲಕ್ಷದಷ್ಟು ಜನ. ಬಂದದ್ದು ಎರಡು ಲಕ್ಷಕ್ಕೂ ಹೆಚ್ಚು ಅನ್ನುತ್ತಾರೆ. ಜನ ಗೋಡೆ ಹಾರಿ ಆಟದ ಅಂಗಳದೊಳಕ್ಕೇ ನುಗ್ಗಿದರು. ಆಗ ಜಾರ್ಜ್ ಸ್ಕೋರಿ ಎಂಬ ಪೇದೆ, ಬಿಲ್ಲಿ ಎಂಬ ತನ್ನ ಬೂದು ಬಣ್ಣದ ಕುದುರೆಯ ಮೇಲೆ ಕೂತು, ಮುಂದಿನ ಸಾಲಿನವರಿಗೆ ಕೈ ಕೈ ಹಿಡಿದುಕೊಳ್ಳಲು ಹೇಳುತ್ತಾ ಮೆಲ್ಲಮೆಲ್ಲಗೆ ಗೆರೆಯಾಚೆಗೆ ಸರಿಸಿದ. ಅವನ ಜೊತೆ ಬೇರೆ ಪೊಲೀಸರೂ ಇದ್ದರು, ಆದರೆ ಆ ಕಾಲದ ಕಪ್ಪುಬಿಳುಪು ಚಿತ್ರದಲ್ಲಿ ಬೆಳ್ಳಗೆ ಹೊಳೆದದ್ದು ಬಿಲ್ಲಿ ಒಂದೇ. ಮುಕ್ಕಾಲು ಗಂಟೆ ತಡವಾಗಿಯಾದರೂ ಆಟ ನಡೆಯಿತು. ಮುಂದೆ ವೆಂಬ್ಲಿಯ ಹತ್ತಿರ ಕಟ್ಟಿದ ಸೇತುವೆಗೆ ಬಿಳಿ ಕುದುರೆಯ ಹೆಸರಿಟ್ಟರು.

ನಮ್ಮ ದೇಶದಲ್ಲೂ ಕುದುರೆ ಗಸ್ತು ಇದೆ. ಕೊಲ್ಕತ್ತದ ಅಶ್ವಾರೋಹಿ ಪೊಲೀಸ್ ಶುರುವಾದದ್ದು 1840ರಲ್ಲಿ. ಇವತ್ತಿಗೂ ಅಲ್ಲಿನ 'ಮೈದಾನ್' ಬಯಲಿನ ಸುತ್ತ ಗಸ್ತು ತಿರುಗುತ್ತದೆ, ಫುಟ್‌ಬಾಲ್ ಪಂದ್ಯದ ಜನವನ್ನು ಸಂಭಾಳಿಸುತ್ತದೆ. ಮುಂಬಯಿಯವರು ಮೋಟಾರು ಗಾಡಿ ಹೆಚ್ಚಿತೆಂದು 1932ರಲ್ಲಿ ಕುದುರೆಗಳನ್ನು ಕೈಬಿಟ್ಟು, ಎಂಬತ್ತೆಂಟು ವರ್ಷದ ಮೇಲೆ, 2020ರಲ್ಲಿ, ಮತ್ತೆ ದಳ ಕಟ್ಟಲು ಹೊರಟರು. ಬಿಟ್ಟವರೇ ಹುಡುಕಿಕೊಂಡು ಬರುವ ಹೊತ್ತಿನಲ್ಲಿ, ಬಿಡದೆ ಉಳಿಸಿಕೊಂಡ ನಾವು ಮೆರವಣಿಗೆಗಷ್ಟೇ ಸಾಕು ಅನ್ನುವುದು ಯಾವ ನ್ಯಾಯ?

ಒಂದು ಮಾತಿನಲ್ಲಿ ಮಾತ್ರ ಮೇಷ್ಟ್ರು ಹೇಳಿದ್ದೇ ಸರಿ. "ಪ್ರತಿಭಟನೆ ಮಾಡೋರ ಮೇಲೆ ಕುದುರೆ ನುಗ್ಗಿಸ್ತಾರಲ್ಲಮ್ಮಾ, ಅದು?" ಅಂದರು. ಹಾಗೆ ನುಗ್ಗಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ಅದು ಜನಕ್ಕೂ ಅನ್ಯಾಯ, ಪ್ರಾಣಿಗೂ ಅನ್ಯಾಯ. 2016ರ ಮಾರ್ಚಿನಲ್ಲಿ ಡೆಹ್ರಾಡೂನಿನ ಪ್ರತಿಭಟನೆಯೊಂದರಲ್ಲಿ ಉತ್ತರಾಖಂಡ ಪೊಲೀಸರ ಶಕ್ತಿಮಾನ್ ಎಂಬ ಬಿಳಿ ಕುದುರೆಯ ಹಿಂಗಾಲು ಮುರಿಯಿತು. ಕಾಲು ಕತ್ತರಿಸಿದರು, ಕೃತಕ ಕಾಲು ಜೋಡಿಸಿದರು, ಏಪ್ರಿಲ್ 20ರಂದು ಅದು ಸತ್ತೇಹೋಯಿತು. ಆ ಫೋಟೊ ನೋಡಿದ ಯಾರಿಗಾದರೂ, ಜಗಳದ ಜಾಗಕ್ಕೆ ಕುದುರೆಯನ್ನು ಒಯ್ಯಬೇಕು ಅನ್ನಿಸುವುದಿಲ್ಲ. ಬಿಸಿಲಲ್ಲಿ ಕಾದ ಡಾಂಬರು ಕೂಡ ಗೊರಸಿಗೆ ಒಳ್ಳೆಯದಲ್ಲ. ಲಾಳ ಜಾರುತ್ತದೆ, ಕೀಲು ಸವೆಯುತ್ತದೆ. ಆದ್ದರಿಂದ ಕುದುರೆಯ ಗಸ್ತು ತಂಪು ಹೊತ್ತಿನಲ್ಲಿ, ಮಣ್ಣಿನ ದಾರಿಯಲ್ಲಿ, ಜನ ವಾಕಿಂಗ್ ಬರುವ ಕಡೆ ಇರಬೇಕು.

ಎಲ್ಲ ಕಡೆಗೂ ಕುದುರೆಯೇ ಆಗಲಿ ಅಂತಲೂ ನಾನು ಹೇಳುತ್ತಿಲ್ಲ. ಆಯಾ ಜಾಗಕ್ಕೆ ಆಯಾ ಗಸ್ತು. ಮಲ್ಪೆಯಲ್ಲಿ ಕೇಂದ್ರವಿರುವ ನಮ್ಮ ಕರಾವಳಿ ಕಾವಲು ಪೊಲೀಸರಿಗೆ ದೋಣಿ ಬೇಕು. ಮಳೆಗಾಲದಲ್ಲಿ ಜೀಪು ಹೂತುಹೋಗುವ ನಾಗರಹೊಳೆಯ ಕಾಡಿನಲ್ಲಿ ಅರಣ್ಯ ಇಲಾಖೆಯವರು ಆನೆಯ ಮೇಲೆ ಗಸ್ತು ಹೋಗುತ್ತಾರೆ. ಕಾಲೇಜಿನ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ ಓಬವ್ವ ಪಡೆಯ ಮಹಿಳಾ ಪೊಲೀಸರು ನಿಂತರೆ ಸಾಕು, ಕೀಟಲೆಯವರು ದಾರಿ ಬದಲಿಸುತ್ತಾರೆ.

ನಮ್ಮ ಬೀದಿಗಳಿಗೆ ಬೇಕಾದ್ದು ಹಳೆಯ ನಡಿಗೆಯ ಬೀಟು. ದೇವಸ್ಥಾನದ ಬಾಗಿಲ ಪಕ್ಕದಲ್ಲಿ, ಬ್ಯಾಂಕಿನ ಗ್ರಿಲ್ಲಿನಲ್ಲಿ ಒಂದು ಡಬ್ಬಿಯೊಳಗೆ ಪುಸ್ತಕ ಇಟ್ಟಿರುತ್ತಿದ್ದರು, ನೆನಪಿದೆಯಾ? ರಾತ್ರಿ ಪಾಳಿಯ ಪೇದೆ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪುಟ ತೆರೆದು, ಗಂಟೆ ಬರೆದು ಸಹಿ ಹಾಕಿ ಮುಂದಿನ ಪಾಯಿಂಟಿಗೆ ಹೋಗುತ್ತಿದ್ದ. ಈಗ ಬಹಳ ಕಡೆ ಆ್ಯಪು, ಕ್ಯೂಆರ್ ಕೋಡು ಬಂದಿದೆ. ಬರಲಿ, ಲೆಕ್ಕ ಸರಿಯಾಗಿ ಸಿಗುತ್ತದೆ. ಸ್ಕ್ಯಾನ್ ಮಾಡಿ ಬೈಕು ಹತ್ತಿ ಹೋಗುವುದಷ್ಟೇ ಆಗದಿರಲಿ. ರಾಜ್ಯ ಸರ್ಕಾರ 2025ರಲ್ಲಿ ಶುರುಮಾಡಿದ 'ಮನೆ ಮನೆಗೆ ಪೊಲೀಸ್' ಅನ್ನು ನಾನು ಮನಸಾರೆ ಸ್ವಾಗತಿಸಿದ್ದು ಇದಕ್ಕೇ. ಬಾಗಿಲು ತಟ್ಟಿ, "ಅಮ್ಮಾ, ಈ ಬೀದಿ ನನ್ನ ಬೀಟು, ಏನಾದ್ರೂ ತೊಂದ್ರೆ ಇದ್ರೆ ಹೇಳಿ" ಅಂತ ಒಬ್ಬ ಪೇದೆ ಹೇಳಿದರೆ ಒಂಟಿಯಾಗಿರುವ ಮುದುಕರಿಗೆ ಎಷ್ಟು ಧೈರ್ಯ ಬರುತ್ತದೆ ಅನ್ನುವುದು ಅವರನ್ನೇ ಕೇಳಬೇಕು. ಮೇಷ್ಟ್ರ ಮಕ್ಕಳಿಬ್ಬರೂ ದೂರದಲ್ಲಿದ್ದಾರೆ. ಅವರು ಈ ಮಾತಿಗೆ ಎದುರಾಡಲಿಲ್ಲ. "ಅದು ಹೌದು" ಅಂದರು.

ಬೀದಿಗೆ ನಡಿಗೆಯ ಬೀಟು ಇರಲಿ, ವಾಕಿಂಗ್ ಜಾಗಕ್ಕೆ ಕುದುರೆ ಬರಲಿ ಅಂತ ಪೊಲೀಸ್ ಇಲಾಖೆಯವರಲ್ಲಿ ನನ್ನದೊಂದು ಕೋರಿಕೆ. ದಸರೆ ಮುಗಿದು ಗಜಪಡೆ ಕಾಡಿಗೆ ಹೊರಟಮೇಲೆ, ಅಶ್ವಾರೋಹಿ ದಳದ ನಾಲ್ಕು ಕುದುರೆಗಳನ್ನು ಕುಕ್ಕರಹಳ್ಳಿ ಕೆರೆಯ ಏರಿಗೂ ಚಾಮುಂಡಿ ಬೆಟ್ಟದ ಪಾದಕ್ಕೂ ದಿನಾ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕಳಿಸಿಕೊಡಿ. ಆಗೊಮ್ಮೆ ಈಗೊಮ್ಮೆ ಅಲ್ಲ, ನಿತ್ಯದ ಬೀಟಾಗಿ. ಸವಾರರಲ್ಲಿ ಹೆಣ್ಣುಮಕ್ಕಳೂ ಇರಲಿ. ಓದುವ ನಿಮಗೂ ಒಂದು ಮಾತು: ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರು ಅಂತ ಈ ವಾರವೇ ಠಾಣೆಯಲ್ಲಿ ವಿಚಾರಿಸಿ, ಅವರ ನಂಬರನ್ನು ಫೋನಿನಲ್ಲಿ 112ರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.