ಕಪ್ಪು ಚೌಕ ಮೀಮಾಂಸೆ

ಹಾಜರಿ ಎಂಬ ಪದಾರ್ಥವು ದೇಹವನ್ನು ತೊರೆದು ಸ್ವತಂತ್ರವಾಗಿ ಸಂಚರಿಸತೊಡಗಿದ್ದು 2020ರಲ್ಲಿ. ಅಲ್ಲಿಯವರೆಗೆ ಗೈರಾದವನ ಪರವಾಗಿ ಹಿಂದಿನ ಬೆಂಚಿನ ಗೆಳೆಯನೊಬ್ಬ ಗಂಟಲು ಬದಲಿಸಿ 'ಪ್ರೆಸೆಂಟ್ ಸರ್' ಎನ್ನಬೇಕಿತ್ತು. ಆನ್‌ಲೈನ್ ತರಗತಿಯಲ್ಲಿ ಆ ಶ್ರಮವೂ ಇಲ್ಲ. ಹೆಸರು ಹೊತ್ತ ಕಪ್ಪು ಚೌಕವೊಂದಿದ್ದರೆ ಸಾಕು. ಸದರಿ ಚೌಕದ ಲಕ್ಷಣ ನಿರ್ಣಯವೇ ಈ ಪ್ರಬಂಧದ ಉದ್ದೇಶ.

ಕಲಿಕೆಯಲ್ಲಿ ತೊಡಗುವಿಕೆ ಮೂರು ಬಗೆ: ವರ್ತನೆಯದು, ಭಾವನೆಯದು, ಬುದ್ಧಿಯದು. ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್, ಪ್ಯಾರಿಸ್ ಎಂಬ ಪೂರ್ವಾಚಾರ್ಯರು 2004ರಲ್ಲೇ ಹೀಗೆ ವಿಂಗಡಿಸಿದ್ದಾರೆ. ನಾವು ಇದಕ್ಕೆ ಭಾಷ್ಯ ಮಾತ್ರ ಬರೆಯುತ್ತೇವೆ. 'ಜಾಯಿನ್' ಒತ್ತಿ ಹಾಸಿಗೆಗೆ ಮರಳುವುದು ವರ್ತನೆ. ಮೇಷ್ಟ್ರ ಹುಟ್ಟುಹಬ್ಬದಂದು ಹೃದಯದ ಇಮೋಜಿ ಹಾಕುವುದು ಭಾವನೆ. ಬುದ್ಧಿಯು ಪ್ರಕಟವಾಗುವುದು ಪ್ರಶ್ನೆ ತನ್ನತ್ತ ಬಂದ ಕ್ಷಣದಲ್ಲಿ: 'ಸ... ರ್... ವಾಯ್ಸ್... ಕಟ್...' ಎಂದು, ಯಾವ ಅಕ್ಷರದ ಮೇಲೆ ನಿಲ್ಲಬೇಕೆಂಬುದನ್ನು ಅರಿತು ನುಡಿಯುವುದಕ್ಕೆ ರಂಗಭೂಮಿಯಲ್ಲಾದರೆ ವರ್ಷಗಳ ತಾಲೀಮು ಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ನಿಜವಾಗಿಯೂ ನೆಟ್‌ವರ್ಕ್ ಇಲ್ಲದವರ ಗತಿ ಏನು? ಮಲೆನಾಡಿನಲ್ಲೂ ಸುಳ್ಯದ ಕಡೆಯೂ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರಲ್ಲ, ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತರಲ್ಲ? ಆಕ್ಷೇಪ ಪರಿಶೀಲನಾರ್ಹ. ಆದರೆ ನಮ್ಮ ಪ್ರಶ್ನಾವಳಿ ಇದ್ದದ್ದು ಗೂಗಲ್ ಫಾರ್ಮ್‌ನಲ್ಲಿ. ಉತ್ತರಿಸಿದವರಲ್ಲಿ ನೂರಕ್ಕೆ ನೂರು ಮಂದಿಗೂ ಇಂಟರ್ನೆಟ್ ಇದ್ದದ್ದು ಕಂಡುಬಂದಿದೆ. ಉತ್ತರಿಸದವರು ಸಮಸ್ಯೆಯನ್ನು ನಮ್ಮ ಗಮನಕ್ಕೆ ತಂದಿಲ್ಲ. ಇನ್ನು 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ'ದ ಹೆಸರಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಊರಿಗೆ ಹೋಗಿ ಗುಡಿಯ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದ್ದುಂಟು. ಅಲ್ಲಿ ಮಕ್ಕಳು ಮುಖಸಮೇತ ಬಂದಿದ್ದರು. ಮುಖವು ನಮ್ಮ ಸಾಫ್ಟ್‌ವೇರ್ ಅಳೆಯುವ ವಸ್ತುವಲ್ಲವಾಗಿ ಅವರನ್ನು ಕೈಬಿಡಲಾಗಿದೆ. ಅಕ್ಟೋಬರ್‌ನಲ್ಲಿ ಸರ್ಕಾರವೂ ಆ ಕಾರ್ಯಕ್ರಮವನ್ನು ನಿಲ್ಲಿಸಿ ನಮ್ಮ ದತ್ತಾಂಶವನ್ನು ಶುದ್ಧಗೊಳಿಸಿತು.

ಮಾಧ್ಯಮ ಸಾಕ್ಷರತೆಯ ವಿಷಯಕ್ಕೆ ಬರೋಣ. ಸ್ಟ್ಯಾನ್‌ಫರ್ಡ್‌ನ ವೈನ್‌ಬರ್ಗ್ ಮತ್ತು ಮೆಕ್‌ಗ್ರೂ ಕಂಡುಕೊಂಡಂತೆ, ಸುದ್ದಿಯ ಸತ್ಯ ಪರೀಕ್ಷಿಸುವ ವೃತ್ತಿಯವರು ಒಂದು ಪುಟದಲ್ಲಿ ಕೂರದೆ ಬೇಗನೆ ಬೇರೆ ಟ್ಯಾಬ್ ತೆರೆದು ವಿಚಾರಿಸುತ್ತಾರೆ, ಪಿಎಚ್.ಡಿ. ಪಡೆದ ಇತಿಹಾಸಕಾರರು ಅದೇ ಪುಟವನ್ನು ಶ್ರದ್ಧೆಯಿಂದ ಓದಿ ಬೇಸ್ತು ಬೀಳುವುದುಂಟು. ಈ ಮಾನದಂಡದಿಂದ ನಮ್ಮ ವಿದ್ಯಾರ್ಥಿಗಳು ಪರಮ ಸಾಕ್ಷರರು: ಪಾಠದ ಪುಟದಲ್ಲಿ ಅರೆಗಳಿಗೆಯೂ ಕೂತವರಲ್ಲ. ಪಕ್ಕದ ಟ್ಯಾಬಿನಲ್ಲಿ ಏನಿತ್ತೆಂಬುದು ನಮ್ಮ ಅಧ್ಯಯನದ ವ್ಯಾಪ್ತಿಗೆ ಹೊರತು. (ಪಬ್ಜಿ ಇತ್ತು. ಅದು ನಿಷೇಧವಾದ ಮೇಲೆ ಫ್ರೀ ಫೈರ್.)

ಬೋಧಕವರ್ಗದ ಅಧ್ಯಯನಕ್ಕೆ ತರಗತಿಯ ವಾಟ್ಸಾಪ್ ಗುಂಪನ್ನು ಆರಿಸಿಕೊಂಡೆವು. ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದೆಂದು 2020ರ ಏಪ್ರಿಲ್‌ನಲ್ಲಿ ಆ ಕಂಪನಿ ಮಿತಿ ಹಾಕಿತ್ತು. ಗುರುಗಳು ಸಹನಶೀಲರು, ಇದ್ದಬದ್ದ ಗುಂಪಿಗೆಲ್ಲ ಒಂದೊಂದಾಗಿ ಕಳಿಸಿದರು. ಸಂದೇಶ: ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠವೆಂದು ಯುನೆಸ್ಕೋ ಇದೀಗ ತಾನೇ ಘೋಷಿಸಿದೆ. ಎಲ್ಲರೂ ಕೈಮುಗಿಯುವ ಇಮೋಜಿ ಹಾಕಿದರು. ಒಬ್ಬನು ಮಾತ್ರ, 'ಸರ್, ಇದು ಎಷ್ಟೋ ವರ್ಷದಿಂದ ಓಡಾಡ್ತಿರೋ ಸುಳ್ಳು, ಯುನೆಸ್ಕೋನೇ ಅಲ್ಲ ಅಂದಿದೆ' ಎಂದು ಬರೆದನು. ಕೂಡಲೇ ಗುಂಪಿನ ಸೆಟ್ಟಿಂಗ್ ಬದಲಾಗಿ, ಅಡ್ಮಿನ್‌ಗಳು ಮಾತ್ರ ಬರೆಯುವಂತಾಯಿತು. ವರದಿಯಲ್ಲಿ ಇದನ್ನು 'ಸಂವಹನದಲ್ಲಿ ಶಿಸ್ತಿನ ಸುಧಾರಣೆ' ಎಂಬ ತಲೆಬರಹದಡಿ ಸೇರಿಸಲಾಗಿದೆ.